ಕಾಲು ಉಳುಕಿತೇ? ನೀವಿಸುವ ಮೊದಲು ನಾಲ್ಕು ಹೆಜ್ಜೆ!

ಬಚ್ಚಲಲ್ಲಿ ಜಾರಿ ಕಾಲು ಹೊರಳಿತು, ಗಿಣ್ಣು ಊದಿತು. “ಉಳುಕು ಅಷ್ಟೇ, ಎಣ್ಣೆ ಹಚ್ಚಿ ನೀವಿದರೆ ಹೋಗುತ್ತೆ ಬಿಡಿ” ಎನ್ನುವವರು ಪಕ್ಕದ ಮನೆಯಲ್ಲೇ ಇರುತ್ತಾರೆ. ಸ್ವಲ್ಪ ತಾಳಿ, ಸಹೋದರಿ.

ಮೂಳೆಗಳನ್ನು ಒಂದಕ್ಕೊಂದು ಬಿಗಿದಿರುವ ನಾರು ಜಗ್ಗಿದರೆ ಅಥವಾ ಹರಿದರೆ ಉಳುಕು. ಭಾರ ಎತ್ತಿ ತೊಡೆಯೋ ಸೊಂಟವೋ ಹಿಡಿದುಕೊಂಡರೆ ಅದು ಮಾಂಸಖಂಡದ ಸೆಳೆತ. ಒಳಗೆ ರಕ್ತ ಜಿನುಗುವಾಗ ನೀವಿದರೆ, ಶಾಖ ಕೊಟ್ಟರೆ ಊತ ಹೆಚ್ಚುತ್ತೆ. ಮೂಳೆ ಬಿರುಕು ಬಿಟ್ಟಿದ್ದರೆ ಜರುಗಲೂಬಹುದು.

ಹಾಗಾದರೆ ಉಳುಕೋ, ಮುರಿತವೋ? 1992ರಲ್ಲಿ ಕೆನಡಾದ ಒಟ್ಟಾವಾ ನಗರದ ವೈದ್ಯರು ಸುಲಭದ ಸೂತ್ರವೊಂದನ್ನು ಕೊಟ್ಟರು. ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಗಿಣ್ಣಿನ ಎರಡೂ ಬದಿಯ ಮೂಳೆಯ ಹಿಂಭಾಗ ಅಥವಾ ತುದಿ, ಪಾದದ ಹೊರಬದಿಯ ನಡುವಿನ ಉಬ್ಬು, ಒಳಬದಿಯ ಕಮಾನಿನ ಮೇಲಿನ ಮೂಳೆ - ಇವನ್ನು ಒತ್ತಿದಾಗ ನೋವಾದರೂ ಬೇಕು. ಕಾಲು ಸೊಟ್ಟಗಾಗಿದ್ದರೆ, ಜೋಮು ಹಿಡಿದರೆ ಪರೀಕ್ಷೆಯ ಗೊಡವೆಯೇ ಬೇಡ, ತಕ್ಷಣ ಹೊರಡಿ. ಮಕ್ಕಳು, ಮುಟ್ಟು ನಿಂತ ಹೆಂಗಸರು, ಸಕ್ಕರೆ ಕಾಯಿಲೆಯವರು ಸೂತ್ರವನ್ನು ನಂಬಿ ಕೂರದೆ ವೈದ್ಯರಿಗೆ ತೋರಿಸುವುದೇ ಲೇಸು.

ಹಿನಕಲ್‌ನವರಿಗೆ ದೂರವೇನಲ್ಲ. ಹುಣಸೂರು ರಸ್ತೆಯಲ್ಲಿ ಪೇಟೆಯ ಕಡೆ ಹೋದರೆ, 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ ಸರ್ಕಾರಿ ಕೆ.ಆರ್. ಆಸ್ಪತ್ರೆ ಇದೆ. ನಡೆಯಲಾಗದಿದ್ದರೆ ಬಸ್ಸಿಗೆ ಕಾಯಬೇಡಿ, ಆಟೋದಲ್ಲಿ ಕಾಲು ಚಾಚಿ ಕೂರಿ. ಬಸುರಿಯಾಗಿದ್ದರೆ ಎಕ್ಸ್‌ರೇಗೆ ಮೊದಲೇ ಹೇಳಿ.

ಬರೀ ಉಳುಕಾದರೆ ಮನೆಯಲ್ಲೇ ಹೀಗೆ ಮಾಡಿ:

* ಬಟ್ಟೆಯಲ್ಲಿ ಸುತ್ತಿದ ಐಸನ್ನು ಎರಡು ಮೂರು ಗಂಟೆಗೊಮ್ಮೆ 15-20 ನಿಮಿಷ ಇಡಿ.
* ಕ್ರೇಪ್ ಬ್ಯಾಂಡೇಜು ಸುತ್ತಿ. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ ಕೂಡಲೇ ಸಡಿಲಿಸಿ.
* ಮಲಗಿದಾಗ ಕಾಲ ಕೆಳಗೆ ಎರಡು ದಿಂಬಿಡಿ.
* ಮೊದಲ ಎರಡು ಮೂರು ದಿನ ಶಾಖ, ಮಾಲೀಸು ಬೇಡ. ಆಮೇಲೆ ನೋವು ತಾಳುವಷ್ಟು ಪಾದ ಆಡಿಸಿ. ಸದಾ ಮಲಗಿದರೆ ಕೀಲು ಬಿಗಿಯುತ್ತದೆ.

ಸಾಮಾನ್ಯ ಉಳುಕು ಎರಡು ವಾರದಲ್ಲಿ ಹಗುರಾಗುತ್ತದೆ. ಆಗದಿದ್ದರೆ ಮತ್ತೆ ತೋರಿಸಿ. ನಾಟಿ ಕಟ್ಟು ಹಾಕಿಸಿ ಬೆರಳು ಜೋಮು ಹಿಡಿದರಂತೂ ಬೆಳಗಿನವರೆಗೆ ಕಾಯಬೇಡಿ. ಕಟ್ಟು ಬಿಗಿಯಾಗಿ ರಕ್ತ ಓಡದೆ ಕಾಲನ್ನೇ ಕಳೆದುಕೊಂಡವರಿದ್ದಾರೆ.

“ಅಡುಗೆ ಯಾರು ಮಾಡ್ತಾರೆ?” ಎಂದು ಕುಂಟುತ್ತಲೇ ಒಲೆ ಮುಂದೆ ನಿಲ್ಲುವವರು ನಾವೇ ಅಲ್ಲವೇ? ವಾಸಿಯಾಗದ ಉಳುಕು ಮತ್ತೆ ಮತ್ತೆ ಉಳುಕುತ್ತೆ. ನಾಲ್ಕು ದಿನ ಮನೆಯವರು ಅನ್ನಕ್ಕಿಟ್ಟರೆ ಮನೆಯೇನೂ ಮುಳುಗುವುದಿಲ್ಲ!