ಅನುಕರಣವೂ ಸ್ವಂತಿಕೆಯೂ

ಬೇಸಿಗೆಯ ರಜೆ ಬಂದಿತೆಂದರೆ ನಮ್ಮ ಊರುಗಳ ಬೀದಿಬೀದಿಯಲ್ಲಿಯೂ ಬಾಲಕರು ಕ್ರಿಕೆಟ್ ಆಡುವುದನ್ನು ಕಾಣುತ್ತೇವೆ. ಕೊಂಚ ನಿಂತು ನೋಡಿದವರಿಗೆ ಒಂದು ಸಂಗತಿ ಗೋಚರವಾಗದೆ ಇರದು. ಚೆಂಡೆಸೆಯುವ ಹುಡುಗನು ಆ ಗಳಿಗೆಯಲ್ಲಿ ತಾನಾಗಿರುವುದಿಲ್ಲ. ತನಗೆ ಪ್ರಿಯನಾದ ಆಟಗಾರನೇ ಆಗಿರುತ್ತಾನೆ. ಇಂದಿನ ಹುಡುಗರು ಜಸ್‌ಪ್ರೀತ್ ಬುಮ್ರಾ ಅವರಂತೆ ತಡೆತಡೆದು ಹೆಜ್ಜೆಯಿಟ್ಟು, ತೋಳನ್ನು ಕೋಲಿನಂತೆ ನೀಡಿ ಎಸೆಯುತ್ತಾರೆ. ಇದನ್ನು ಕಂಡ ಹಿರಿಯರಲ್ಲಿ ಕೆಲವರು ನಗುತ್ತಾರೆ, ಕೆಲವರು ಗದರುತ್ತಾರೆ. ಎರಡೂ ಉಚಿತವಲ್ಲವೆಂದು ನಮ್ಮ ಅಭಿಪ್ರಾಯ.

1978ರ ಸುಮಾರಿನ ನಮ್ಮ ಬಾಲ್ಯದಲ್ಲಿಯೂ ಇದೇ ಪರಿಪಾಠವಿದ್ದಿತು. ಗೋಡೆಯ ಮೇಲೆ ಇದ್ದಲಿನಿಂದೆಳೆದ ಮೂರು ಗೆರೆಗಳೇ ವಿಕೆಟ್ಟು. ತೆಂಗಿನ ಮಟ್ಟೆಯೇ ಬ್ಯಾಟು. ದೂರದರ್ಶನವು ನಮ್ಮೂರಿಗೆ ಇನ್ನೂ ಬಂದಿರಲಿಲ್ಲ. ರೇಡಿಯೋದ ಮಾತು, ಪತ್ರಿಕೆಯ ಮಸಕು ಚಿತ್ರ, ಇವೆರಡನ್ನು ಕೂಡಿಸಿ ಉಳಿದುದನ್ನು ನಾವೇ ಕಲ್ಪಿಸಿಕೊಳ್ಳಬೇಕಾಗಿದ್ದಿತು. ತಲೆಗೆ ಬಣ್ಣದ ಟವಲು ಸುತ್ತಿದವನು ಬಿಷನ್ ಸಿಂಗ್ ಬೇಡಿ. ದೂರದಿಂದ ಓಡಿಬಂದು ನೆಗೆದವನು ಕಪಿಲ್ ದೇವ್. ನಾವು ವಹಿಸಿದ ಪಾತ್ರ ಮೈಸೂರಿನಲ್ಲಿ ಜನಿಸಿದ ಬಿ. ಎಸ್. ಚಂದ್ರಶೇಖರ್ ಅವರದು. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನುಗಳಿಗೆ 6 ವಿಕೆಟ್ಟುಗಳನ್ನು ಉರುಳಿಸಿ, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಜಯವನ್ನು ಸಾಧಿಸಿಕೊಟ್ಟ ವೀರರವರು. ಅವರ ತೋಳಿನ ಬೀಸನ್ನು ನಾವು ಬಹು ಆಡಂಬರದಿಂದ ಅಭಿನಯಿಸುತ್ತಿದ್ದೆವು.

ಒಂದು ಸಂಜೆ ಜಗುಲಿಯ ಮೇಲೆ ಕುಳಿತಿದ್ದ ನಮ್ಮ ಸೋದರಮಾವನವರು ಕರೆದು, “ಅದನ್ನು ಬೆಡಗೆಂದು ತಿಳಿದೆಯೇನೋ? ಚಿಕ್ಕಂದಿನ ಕಾಯಿಲೆಯಲ್ಲಿ ಸೊರಗಿದ ಕೈಯಪ್ಪಾ ಅದು” ಎಂದರು. ನಾವು ತಲೆ ತಗ್ಗಿಸಿದೆವು. ಬಾಲ್ಯದಲ್ಲಿಯೇ ಪೋಲಿಯೋ ರೋಗವು ಅವರ ಬಲತೋಳನ್ನು ಕ್ಷೀಣಗೊಳಿಸಿದ್ದಿತು. ದೂರದಿಂದ ಚೆಂಡನ್ನು ಹಿಂದಿರುಗಿಸುವಾಗ ಅವರು ಎಡಗೈಯನ್ನೇ ಬಳಸುತ್ತಿದ್ದರು. ಆ ಸೊರಗಿದ ತೋಳಿನಿಂದಲೇ 58 ಟೆಸ್ಟುಗಳಲ್ಲಿ 242 ವಿಕೆಟ್ಟುಗಳನ್ನು ಗಳಿಸಿದರು. ನಾವು ಅನುಕರಿಸಿದುದು ಅವರ ಕಷ್ಟದ ಹೊರರೂಪವನ್ನು. ಆ ಕಷ್ಟವನ್ನೇ ಬಲವಾಗಿ ಮಾಡಿಕೊಂಡ ಛಲವು ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ.

ಹಾಗಾದರೆ ಅನುಕರಣವು ವ್ಯರ್ಥವೇ? ಎಂದಿಗೂ ಅಲ್ಲ. ತಿದ್ದಿದ ಅಕ್ಷರದ ಮೇಲೆ ತಿದ್ದಿಯೇ ಮಗುವು ಬರೆಯಲು ಕಲಿಯುತ್ತದೆ. ಆದರೆ ಬೆಳೆದ ಮೇಲೆ ಪ್ರತಿಯೊಬ್ಬನ ಕೈಬರಹವೂ ಬೇರೆಯೇ. ಬುಮ್ರಾ ಅವರು ಬಾಲ್ಯದಲ್ಲಿ, ಸದ್ದಾದರೆ ತಾಯಿಗೆ ತೊಂದರೆಯಾದೀತೆಂದು, ಗೋಡೆಯೂ ನೆಲವೂ ಕೂಡುವ ಅಂಚಿಗೇ ಚೆಂಡು ಬೀಳುವಂತೆ ಎಸೆದು ಅಭ್ಯಾಸಮಾಡಿದರು. ಮಧ್ಯಮ ವೇಗದ ಬೌಲರಾಗಿ ಮೊದಲಿಟ್ಟ ಅನಿಲ್ ಕುಂಬ್ಳೆಯವರು ಲೆಗ್ ಸ್ಪಿನ್ನಿಗೆ ತಿರುಗಿ, ಚೆಂಡನ್ನು ಹೆಚ್ಚಾಗಿ ತಿರುಗಿಸದೆಯೇ ವೇಗದಿಂದಲೂ ಪುಟಿತದಿಂದಲೂ 619 ಟೆಸ್ಟ್ ವಿಕೆಟ್ಟುಗಳನ್ನು ಪಡೆದರು. ಇವರು ಯಾರ ಪ್ರತಿಯೂ ಅಲ್ಲ.

ಆದುದರಿಂದ ಶಿಕ್ಷಕರಲ್ಲಿಯೂ ತಂದೆತಾಯಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಊರೂರಿಗೂ ತರಬೇತಿ ಶಿಬಿರಗಳು ಹಬ್ಬಿರುವ ಈ ಕಾಲದಲ್ಲಿ ಎಲ್ಲ ಮಕ್ಕಳನ್ನೂ ಒಂದೇ ಅಚ್ಚಿಗೆ ಹೊಯ್ಯುವ ಆತುರ ಬೇಡ. ಸೊಂಟವೊಂದು ದಿಕ್ಕಿಗೂ ಭುಜವೊಂದು ದಿಕ್ಕಿಗೂ ತಿರುಚಿಕೊಂಡು ಎಸೆಯುವ ಹುಡುಗನ ಬೆನ್ನೆಲುಬಿಗೆ ಕೇಡುಂಟು. ಅದನ್ನು ಅವಶ್ಯವಾಗಿ ತಿದ್ದಿರಿ. ಎಸೆಯುವಾಗ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚಾಗಿ ನೀಡಲು ಅಂತರರಾಷ್ಟ್ರೀಯ ನಿಯಮದ ಒಪ್ಪಿಗೆಯಿಲ್ಲ, ಅದನ್ನೂ ತಿಳಿಸಿರಿ. ಮಿಕ್ಕುದನ್ನು ಹುಡುಗನಿಗೇ ಬಿಡಿರಿ. ಅವನು ಹತ್ತು ಜನರಂತೆ ಎಸೆದು ನೋಡಲಿ; ಹನ್ನೊಂದನೆಯದು ಅವನದೇ ಆದೀತು. ಚಂದ್ರಶೇಖರರ ತೋಳನ್ನು ಅಂದು ಯಾರಾದರೂ ಪುಸ್ತಕದ ಪ್ರಕಾರ ತಿದ್ದಿದ್ದರೆ ನಮ್ಮ ನಾಡಿಗೆ ಉಂಟಾಗುತ್ತಿದ್ದ ನಷ್ಟವೆಷ್ಟು!