ಇಪ್ಪತ್ನಾಲ್ಕರಲ್ಲಿ ಒಂದು ಪಾಲು ಲಾರಿ

ದೆಹಲಿ ಲಾರಿಗಳನ್ನು ಬಚ್ಚಿಡುವ ಊರು. ಭಾರೀ ಸರಕು ವಾಹನಗಳಿಗೆ ಹಗಲಿನಲ್ಲಿ ನಗರದ ಮುಖ್ಯರಸ್ತೆಗಳು ಮುಚ್ಚಿರುತ್ತವೆ. ಸಿಮೆಂಟಿರಲಿ, ಕಬ್ಬಿಣವಿರಲಿ, ರಾತ್ರಿಯಾದ ಮೇಲೆಯೇ ಒಳಗೆ ಬರಬೇಕು. ಹಳೆಯ ಲಾರಿಯ ಪಾಡು ಇನ್ನೂ ಕಷ್ಟ. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ರಾಜಧಾನಿ ವಲಯದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮರದ ಹಲಗೆಯ ಬಾಡಿ, ದುಂಡು ಮೂತಿ, ಬಾನೆಟ್ಟಿನ ಮೇಲೆ ಬೆಂಜ್ ನಕ್ಷತ್ರ ಹೊತ್ತ ಲಾರಿಯನ್ನು ಇಲ್ಲಿನ ಮಕ್ಕಳು ರಸ್ತೆಯಲ್ಲಿ ನೋಡುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು.

ಅಂಥ ಲಾರಿ ಬೇಕೆನ್ನುವವರು ಅದನ್ನು ಮೇಜಿನ ಮೇಲೆ ಕಟ್ಟಿಕೊಳ್ಳುತ್ತಾರೆ. ಅಂಗಡಿಯಲ್ಲಿ ಸಿಗುವ ಆಟಿಕೆಯನ್ನು ತಂದಿಡುವ ಹವ್ಯಾಸ ಇದಲ್ಲ. ನಿಜವಾದ ಲಾರಿಯ ಅಳತೆ ತೆಗೆದು, ಅದನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಚಾಸಿಯಿಂದ ಹಿಡಿದು ಹಿಂಬದಿಯ ಕೊಂಡಿಯವರೆಗೆ ಪ್ರತಿಯೊಂದನ್ನೂ ಕೈಯಾರೆ ಮಾಡುವ ಕೆಲಸ. ಹವ್ಯಾಸಿಗಳು ಇದನ್ನು ಸ್ಕ್ರ್ಯಾಚ್‌ಬಿಲ್ಡಿಂಗ್ ಎನ್ನುತ್ತಾರೆ. ಸಿದ್ಧ ಮಾದರಿಯೊಂದನ್ನು ಕತ್ತರಿಸಿ ಇನ್ನೊಂದಾಗಿ ಬದಲಿಸುವುದು ಇದರ ದಾಯಾದಿ ವಿದ್ಯೆ.

ಕಿಟ್ ಯಾಕೆ ಇಲ್ಲ?

ಅಮೆರಿಕ, ಯುರೋಪಿನ ಹವ್ಯಾಸಿಗೆ ದಾರಿ ಸುಲಭ. ಅಮೆರಿಕದ ಎಎಂಟಿ ಕಂಪನಿ ಪೀಟರ್‌ಬಿಲ್ಟ್, ಕೆನ್‌ವರ್ತ್ ಟ್ರಕ್ಕುಗಳ ಪ್ಲಾಸ್ಟಿಕ್ ಕಿಟ್‌ಗಳನ್ನು 1:25 ಅಳತೆಯಲ್ಲಿ ದಶಕಗಳಿಂದ ಮಾರುತ್ತಿದೆ. ಇಟಲಿಯ ಇಟಲೇರಿ 1:24ರಲ್ಲಿ ಸ್ಕೇನಿಯಾ, ವೋಲ್ವೊಗಳನ್ನು ಕೊಡುತ್ತದೆ. ಜಪಾನಿನ ತಾಮಿಯಾದ 1:14 ಅಳತೆಯ ರಿಮೋಟ್ ಟ್ರಕ್ಕುಗಳಲ್ಲಿ ಗೇರೂ ಇರುತ್ತದೆ. ನಮ್ಮ ಟಾಟಾ 1210, 1613, ಲೇಲ್ಯಾಂಡ್ ಕಾಮೆಟ್‌ಗಳ ಕಿಟ್ ಹುಡುಕಿ ಹೊರಟವರು ಬರಿಗೈಯಲ್ಲಿ ವಾಪಸಾಗಬೇಕು. ಸದರ್ ಬಜಾರಿನ ಸಗಟು ಮಳಿಗೆಗಳಲ್ಲಿ ಹಿಂದಕ್ಕೆಳೆದು ಬಿಟ್ಟರೆ ಮುಂದೆ ಓಡುವ ಪ್ಲಾಸ್ಟಿಕ್ ಲಾರಿಗಳು ಸಿಗುತ್ತವೆ, ಮುದ್ದಾಗಿಯೂ ಇರುತ್ತವೆ. ಆದರೆ ಒಳಗಿನ ಸ್ಪ್ರಿಂಗ್ ಮೋಟಾರಿಗೆ ಜಾಗ ಬಿಡಲು ಚಾಸಿಯನ್ನು ತುಂಬಿಬಿಟ್ಟಿರುತ್ತಾರೆ.

ವಿದೇಶಿ ಕಿಟ್ ತರಿಸುವುದೂ ದುಬಾರಿ. ಕಸ್ಟಮ್ಸ್ ಪಟ್ಟಿಯಲ್ಲಿ ಅಳತೆಯ ಮಾದರಿಗಳು ಆಟಿಕೆಗಳ ಸಾಲಿನಲ್ಲೇ, 9503ನೇ ಶೀರ್ಷಿಕೆಯಡಿ, ಬರುತ್ತವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು.

ಆದರೆ ಭಾರತೀಯ ಲಾರಿಗೆ ಕಿಟ್ ಇಲ್ಲದಿರಲು ಇದಕ್ಕಿಂತ ಆಳವಾದ ಕಾರಣವಿದೆ. ಆ ಲಾರಿಯೇ ಕೈಯಿಂದ ಕಟ್ಟಿದ್ದು. ಟಾಟಾದ ಟೆಲ್ಕೊ ಕಂಪನಿ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆಗೂಡಿ ಲಾರಿ ತಯಾರಿಸತೊಡಗಿದ ಮೇಲೂ, 1969ರಲ್ಲಿ ಆ ಒಪ್ಪಂದ ಮುಗಿದ ಮೇಲೂ ಕಾರ್ಖಾನೆಯಿಂದ ಹೆಚ್ಚಾಗಿ ಹೊರಬರುತ್ತಿದ್ದದ್ದು ಎಂಜಿನ್, ಚಾಸಿ, ಮುಂದೊಂದು ತಗಡಿನ ಮೂತಿ ಅಷ್ಟೇ. ಚಾಲಕ ತಲೆಗೆ ಟವೆಲ್ ಸುತ್ತಿಕೊಂಡು, ಗಾಳಿ ಮಳೆಗೆ ಮೈಯೊಡ್ಡಿ ಆ ಬೋಳು ಚಾಸಿಯನ್ನು ಓಡಿಸಿಕೊಂಡು ಹೋಗುವುದನ್ನು ಹೆದ್ದಾರಿಯಲ್ಲಿ ನೋಡದವರು ಕಡಿಮೆ. ಕ್ಯಾಬಿನ್ನು, ಬಾಡಿಯನ್ನು ಕಟ್ಟುತ್ತಿದ್ದವರು ಪಂಜಾಬಿನ ಸರ್ಹಿಂದ್, ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡಿನಂಥ ಊರುಗಳ ಬಡಗಿಗಳು, ವೆಲ್ಡರುಗಳು, ಪೇಂಟರುಗಳು. ಬಾಡಿ ಕಟ್ಟುವ ಮೇಸ್ತ್ರಿಯ ಬಳಿ ನಕ್ಷೆ ಇರುತ್ತಿರಲಿಲ್ಲ. ಅಳತೆ ಅವನ ತಲೆಯಲ್ಲಿತ್ತು, ಮಾಲೀಕನ ಬೇಡಿಕೆಗೆ ತಕ್ಕಂತೆ ಬದಲಾಗುತ್ತಿತ್ತು. ಒಂದೇ ವರ್ಷ, ಒಂದೇ ಚಾಸಿಯ ಎರಡು ಲಾರಿಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಕಿಟಕಿಯ ಎತ್ತರವೂ ಹೊಂದುತ್ತಿರಲಿಲ್ಲ. ಅಂಥದ್ದಕ್ಕೆ ಅಚ್ಚು ಹಾಕುವವರು ಯಾರು? ಹೀಗಾಗಿ ಭಾರತೀಯ ಲಾರಿಯ ಮಟ್ಟಿಗೆ ಎಲ್ಲವನ್ನೂ ಕೈಯಲ್ಲೇ ಮಾಡುವುದು ಹುಚ್ಚು ಹಟವಲ್ಲ, ಅಸಲಿ ಲಾರಿ ಹುಟ್ಟಿದ ರೀತಿಯನ್ನೇ ಅನುಸರಿಸುವುದು.

ಅಳತೆಯೇ ಅರ್ಧ ಕೆಲಸ

ಉತ್ತರ ದೆಹಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರ ಇಂಥವರಿಗೆ ತೆರೆದ ಗ್ರಂಥಾಲಯ. ಲಾರಿ ನಿಂತಿರುತ್ತದೆ, ಚಾಲಕ ಚಹಾ ಕುಡಿಯುತ್ತಿರುತ್ತಾನೆ. ಕೇಳಿದರೆ ಅಳೆಯಲು ಬೇಡವೆನ್ನುವವರು ಅಪರೂಪ. ಟೇಪು ಹಿಡಿದು ಮೊದಲು ನೋಡಬೇಕಾದದ್ದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ. ಟಾಟಾ ಲಾರಿಯ ಹೆಸರಿನಲ್ಲೇ ಅರ್ಧ ಮಾಹಿತಿ ಅಡಗಿದೆ. 1613 ಎಂದರೆ ಒಟ್ಟು ತೂಕ ಸುಮಾರು 16 ಟನ್, ಎಂಜಿನ್ ಸುಮಾರು 130 ಅಶ್ವಶಕ್ತಿ. ಈ ಹೆಸರಿನ ಫಲಕವೇ ಲಾರಿಯ ಕಾಲವನ್ನೂ ಹೇಳುತ್ತದೆ: ಹತ್ತು ಟೈರಿನ ಲಾರಿಯ ತೂಕದ ಮಿತಿಯನ್ನು ಸರ್ಕಾರ 2018ರ ಜುಲೈನಲ್ಲಿ 25 ಟನ್‌ನಿಂದ 28.5 ಟನ್‌ಗೆ ಏರಿಸಿದ ಮೇಲೆ 2518ರ ಜಾಗಕ್ಕೆ 2818 ಬಂತು. ಹಳೆಯ ಕ್ಯಾಬಿನ್ನಿಗೆ ಹೊಸ ಫಲಕ ಅಂಟಿಸಿದರೆ ಬಲ್ಲವರು ನಗುತ್ತಾರೆ.

ಆಮೇಲೆ, 1:24 ಅಳತೆಗೆ ಇಳಿಸಲು, 24ರಿಂದ ಭಾಗಿಸುವ ಕೆಲಸ. ಎರಡೂವರೆ ಮೀಟರ್ ಅಗಲದ ಬಾಡಿ 104 ಮಿಲಿಮೀಟರ್ ಆಗುತ್ತದೆ. 10.00-20 ಅಳತೆಯ ಟೈರು ಸುಮಾರು 105 ಸೆಂಟಿಮೀಟರ್ ವ್ಯಾಸದ್ದು. ಮೇಜಿನ ಮೇಲೆ ಅದು 44 ಮಿಲಿಮೀಟರ್. ಏಳು ಮಿಲಿಮೀಟರ್ ದಪ್ಪದ ಚಾಸಿಯ ಉಕ್ಕು 0.3 ಮಿಲಿಮೀಟರಿಗೆ ಇಳಿಯುತ್ತದೆ. ಅಷ್ಟು ತೆಳು ಪ್ಲಾಸ್ಟಿಕ್ ನೆಟ್ಟಗೆ ನಿಲ್ಲುವುದಿಲ್ಲ. ಆದ್ದರಿಂದ ಒಳಗೆ ದಪ್ಪವಿಟ್ಟು, ಕಣ್ಣಿಗೆ ಕಾಣುವ ಅಂಚನ್ನಷ್ಟೇ ತೆಳ್ಳಗೆ ಉಜ್ಜುತ್ತಾರೆ.

ಆಕಾರ ಕುಗ್ಗುತ್ತದೆ, ತೂಕ ಅದೇ ಲೆಕ್ಕದಲ್ಲಿ ಕುಗ್ಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ 24 ಪಾಲು ಇಳಿದಾಗ ತೂಕ 13,824 ಪಾಲು ಇಳಿಯಬೇಕು. ಆ ಪ್ರಕಾರ 25 ಟನ್ ಲಾರಿಯ ಮಾದರಿ 1.8 ಕಿಲೋ ತೂಗಬೇಕು. ಪ್ಲಾಸ್ಟಿಕ್ ಮಾದರಿ ಅಷ್ಟು ತೂಗುವುದೇ ಇಲ್ಲ. ಹಾಗಾಗಿ ಅದರ ಸ್ಪ್ರಿಂಗ್ ಪ್ಲೇಟುಗಳು ತಾವಾಗಿ ಬಾಗುವುದಿಲ್ಲ. ಲಾರಿ ಖಾಲಿಯೋ, ಲೋಡಾಗಿದೆಯೋ ಎಂದು ಮೊದಲೇ ತೀರ್ಮಾನಿಸಿ, ಆ ಬಾಗಿಗೆ ತಕ್ಕಂತೆ ಪ್ಲೇಟುಗಳನ್ನು ಬಗ್ಗಿಸಿಯೇ ಜೋಡಿಸಬೇಕು. ಮರಳು ತುಂಬಿದ ಲಾರಿಯ ಬೆನ್ನು ಖಾಲಿ ಲಾರಿಯಷ್ಟೇ ಎತ್ತರ ನಿಂತಿದ್ದರೆ, ಬಣ್ಣ ಎಷ್ಟೇ ಚೆನ್ನಾಗಿರಲಿ, ಅದು ಆಟಿಕೆಯಾಗಿಯೇ ಉಳಿಯುತ್ತದೆ. ಖಾಲಿ ಓಡುವಾಗ ಎತ್ತಿಕೊಳ್ಳುವ ಲಿಫ್ಟ್ ಆಕ್ಸಲ್ ಇದ್ದರಂತೂ ಆ ಚಕ್ರಗಳು ನೆಲ ಮುಟ್ಟಲೇಬಾರದು.

ರೀಫಿಲ್, ಬೆಂಕಿಕಡ್ಡಿ, ಟಿಶ್ಯೂ

ವಿದೇಶದಲ್ಲಿ ಎವರ್‌ಗ್ರೀನ್‌ನಂಥ ಕಂಪನಿಗಳು ಕೂದಲೆಳೆಯಿಂದ ಬೆರಳು ದಪ್ಪದವರೆಗೆ ಸ್ಟೈರೀನ್ ಪಟ್ಟಿಗಳನ್ನು ಮಾರುತ್ತವೆ. ಇಲ್ಲಿನವರ ಮುಖ್ಯ ಸಾಮಗ್ರಿ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಸನ್‌ಬೋರ್ಡ್ ಮತ್ತು ಎಬಿಎಸ್ ಹಾಳೆ. ಉಳಿದದ್ದು ಮನೆಯಲ್ಲೇ ಇರುತ್ತದೆ. ಬೆಂಕಿಕಡ್ಡಿಯ ದಪ್ಪ ಸುಮಾರು 2 ಮಿಲಿಮೀಟರ್. ಅದನ್ನು 24ರಿಂದ ಗುಣಿಸಿದರೆ 48, ಬಾಡಿಯ ಅಡ್ಡಪಟ್ಟಿಗೆ ಒಪ್ಪುವ ಅಳತೆ. ಬಾಲ್‌ಪೆನ್ನಿನ ಖಾಲಿ ರೀಫಿಲ್ ಸೈಲೆನ್ಸರ್ ಕೊಳವೆಯಾಗುತ್ತದೆ. ಸೋಲ್ಡರಿಂಗ್ ತಂತಿ ಬೇಕಾದಂತೆ ಬಾಗುವುದರಿಂದ ಬ್ರೇಕಿನ ಗಾಳಿ ಪೈಪಿಗೆ ಅದೇ ಸರಿ. ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಹಲ್ಲುಚಕ್ರವನ್ನು ಅಲ್ಯುಮಿನಿಯಂ ಹಾಳೆಯ ಮೇಲೆ ಉರುಳಿಸಿದರೆ ರಿವೆಟ್ಟುಗಳ ಸಾಲು ಮೂಡುತ್ತದೆ. ಗಾಜಿಗೆ ಓಎಚ್‌ಪಿ ಹಾಳೆ. ಸಂದು ತುಂಬಲು ಫೆವಿಕ್ವಿಕ್ ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ, ತಕ್ಷಣ ಉಜ್ಜಬಹುದು.

ತಾಡಪಾಲಿನದು ಬೇರೆಯೇ ಪಾಠ. ಬಟ್ಟೆಯಲ್ಲಿ ಮಾಡೋಣವೆಂದು ಎಲ್ಲರಿಗೂ ಮೊದಲು ತೋಚುತ್ತದೆ. ಆದರೆ ಕರವಸ್ತ್ರದ ನೇಯ್ಗೆಯೇ ಈ ಅಳತೆಯಲ್ಲಿ ಗೋಣಿಚೀಲಕ್ಕಿಂತ ಒರಟಾಗಿ ಕಾಣುತ್ತದೆ, ಮಡಿಕೆಯೂ ಕೆಳಗೆ ಬೀಳುವುದಿಲ್ಲ. ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಹೊದಿಸಿದರೆ ಸರಕಿನ ಉಬ್ಬುತಗ್ಗಿಗೆ ಅಂಟಿಕೊಂಡು ಒಣಗುತ್ತದೆ. ಬಣ್ಣಕ್ಕೂ ಇದೇ ನಿಯಮ: ಬ್ರಶ್ಶಿನಲ್ಲಿ ಎರಡು ಸಲ ಎನಾಮಲ್ ಬಳಿದರೆ ಬಾಗಿಲ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಏರ್‌ಬ್ರಶ್‌ನಲ್ಲಿ ತೆಳುವಾಗಿ ಹಲವು ಸಲ ಹಾಯಿಸಬೇಕು.

ಚಕ್ರಗಳಿಗೆ ಬುದ್ಧಿ ಬೇರೆ. ಹತ್ತು ಟೈರಿನ ಲಾರಿಗೆ ಹತ್ತು ಡಿಸ್ಕ್ ಬೇಕು, ಸ್ಟೆಪ್ನಿಗೆ ಇನ್ನೊಂದು. ಹನ್ನೊಂದನ್ನೂ ಒಂದೇ ತೆರನಾಗಿ ಕೈಯಲ್ಲಿ ಕೊರೆಯುವುದು ಆಗದ ಮಾತು. ಒಂದನ್ನು ಚೆನ್ನಾಗಿ ಮಾಡಿ, ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು, ಉಳಿದವನ್ನು ರೆಸಿನ್‌ನಲ್ಲಿ ಎರಕ ಹೊಯ್ಯುತ್ತಾರೆ. ಮುಂದಿನ ಚಕ್ರದ ಡಿಸ್ಕ್ ಹೊರಗೆ ಉಬ್ಬಿ ಕಾಣುತ್ತದೆ, ಹಿಂದಿನದು ಒಳಗೆ ಹೊಕ್ಕಂತೆ. ಎರಡೂ ಒಂದೇ ಡಿಸ್ಕ್. ಜೋಡಿ ಚಕ್ರದಲ್ಲಿ ಹೊರಗಿನದನ್ನು ತಿರುಗಿಸಿ ಕೂರಿಸಿರುತ್ತಾರೆ, ಅಷ್ಟೇ. ಇದು ಗೊತ್ತಿದ್ದರೆ ಒಂದೇ ಅಚ್ಚು ಸಾಕು.

ಕೊನೆಗೆ ಅಲಂಕಾರ. ಬಂಪರಿನಲ್ಲಿ ತೂಗುವ ಕಪ್ಪು ಜಡೆ, ನಿಂಬೆಹಣ್ಣು ಮೆಣಸಿನಕಾಯಿ, ಹಿಂಬದಿಯ ‘ಹಾರ್ನ್ ಪ್ಲೀಸ್’. ಮನೆಯ ಇಂಕ್‌ಜೆಟ್ ಪ್ರಿಂಟರಿಗೆ ಬಿಳಿ ಬಣ್ಣ ಗೊತ್ತಿಲ್ಲ, ಆದ್ದರಿಂದ ಕಡು ಬಣ್ಣದ ಬಾಡಿಯ ಮೇಲೆ ಬಿಳಿ ಅಕ್ಷರ ಮೂಡಿಸಲು ಬ್ರಶ್ಶನ್ನೇ ಹಿಡಿಯಬೇಕು. ಇಲ್ಲವೆ ರೇಡಿಯಂ ಸ್ಟಿಕ್ಕರ್ ಕತ್ತರಿಸುವವನ ಮೊರೆ ಹೋಗಬೇಕು. ನಂಬರ್ ಪ್ಲೇಟಿನಲ್ಲೂ ಊರಿನ ಗುರುತು ಇರುತ್ತದೆ: ಎಚ್ಆರ್ 38 ಎಂದರೆ ಫರೀದಾಬಾದ್, ಎಚ್ಆರ್ 55 ಗುರುಗ್ರಾಮ, ಯುಪಿ 14 ಗಾಜಿಯಾಬಾದ್.

ಹೊಸಕೋಟೆಯ ವೋಲ್ವೊ, ಪರೇಡಿನ ಟಾಟ್ರಾ

ಸಿದ್ಧ ಕಿಟ್ಟನ್ನು ಬದಲಿಸುವವರಿಗೆ ನಮ್ಮ ಹೊಸಕೋಟೆ ಒಳ್ಳೆಯ ನೆಪ. ವೋಲ್ವೊ ಕಂಪನಿ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ 1998ರಿಂದ ಟ್ರಕ್ ತಯಾರಿಸುತ್ತಿದೆ. ಇಟಲೇರಿಯ ವೋಲ್ವೊ ಎಫ್‌ಎಚ್ ಕಿಟ್ಟಿನಿಂದ ಹೊಸಕೋಟೆಯ ವೋಲ್ವೊ ಮಾಡಬೇಕಾದರೆ ಸ್ಟೀರಿಂಗನ್ನು ಎಡದಿಂದ ಬಲಕ್ಕೆ ಸರಿಸಿದರೆ ಸಾಲದು. ಡ್ಯಾಶ್‌ಬೋರ್ಡ್ ಕತ್ತರಿಸಿ ಅದಲುಬದಲು ಮಾಡಬೇಕು, ಪೆಡಲ್‌ಗಳು, ಚಾಸಿಯ ಕೆಳಗಿನ ಸ್ಟೀರಿಂಗ್ ಬಾಕ್ಸ್, ಅದರಿಂದ ಚಕ್ರಕ್ಕೆ ಹೋಗುವ ಸಲಾಕೆ ಎಲ್ಲವೂ ಪಕ್ಕ ಬದಲಿಸಬೇಕು, ವೈಪರು ಒರಗುವ ದಿಕ್ಕೂ ತಿರುಗಬೇಕು. ಮಾನೇಸರದಿಂದ ಹೊಸ ಕಾರುಗಳನ್ನು ಹೊತ್ತೊಯ್ಯುವ ಎರಡಂತಸ್ತಿನ ಟ್ರೇಲರ್ ದೆಹಲಿ ವಲಯದ ಇನ್ನೊಂದು ಸವಾಲು. ಹದಿನೆಂಟು ಮೀಟರಿನ ಆ ವಾಹನ 1:24ರಲ್ಲೂ 75 ಸೆಂಟಿಮೀಟರ್ ಚಾಚಿಕೊಳ್ಳುತ್ತದೆ. ಫ್ಲ್ಯಾಟಿನ ಶೋಕೇಸಿನಲ್ಲಿ ಹಿಡಿಸುವುದಿಲ್ಲ.

ಜನವರಿ 26ರಂದು ಕರ್ತವ್ಯಪಥದಲ್ಲಿ ದೆಹಲಿ ಹಗಲಿನಲ್ಲೇ ಭಾರೀ ಟ್ರಕ್ಕುಗಳನ್ನು ನೋಡುತ್ತದೆ. ಪಿನಾಕ ರಾಕೆಟ್, ಬ್ರಹ್ಮೋಸ್ ಕ್ಷಿಪಣಿಗಳನ್ನು ಹೊತ್ತು ಬರುವ ಟಾಟ್ರಾ ಟ್ರಕ್ಕುಗಳು ಚೆಕ್ ತಂತ್ರಜ್ಞಾನದಲ್ಲಿ ಬೆಂಗಳೂರು ಮೂಲದ ಬಿಇಎಂಎಲ್ ತಯಾರಿಸಿದಂಥವು. ಸೇನಾ ಮಾದರಿಯವರು ಇವನ್ನು ಸಾಮಾನ್ಯವಾಗಿ 1:35ರಲ್ಲಿ ಕಟ್ಟುತ್ತಾರೆ. ಪಿನಾಕದ 214 ಮಿಲಿಮೀಟರ್ ರಾಕೆಟ್ ಆಗ ಆರು ಮಿಲಿಮೀಟರಿನ ಕೊಳವೆ. ಕಷ್ಟವಿರುವುದು ಕೆಳಗೆ. ಟಾಟ್ರಾಕ್ಕೆ ಏಣಿಯಂಥ ಚಾಸಿ ಬೆನ್ನೆಲುಬಲ್ಲ. ನಡುವೆ ಒಂದು ದಪ್ಪ ಕೊಳವೆ, ಅದರ ಎರಡೂ ಬದಿಗೆ ಸ್ವತಂತ್ರವಾಗಿ ಮೇಲೆ ಕೆಳಗೆ ಆಡುವ ಅರ್ಧ ಆಕ್ಸಲ್‌ಗಳು. ಹಾನ್ಸ್ ಲೆಡ್‌ವಿಂಕಾ ಎಂಬ ಎಂಜಿನಿಯರ್ 1923ರ ಟಾಟ್ರಾ ಕಾರಿನಲ್ಲಿ ತಂದ ಈ ವಿನ್ಯಾಸ ಇಂದಿಗೂ ಉಳಿದಿದೆ. ಭಾರ ಕಡಿಮೆಯಾದಾಗ ಇದರ ಚಕ್ರಗಳ ತಳಭಾಗ ಒಳಕ್ಕೆ ಸರಿದು, ಚಕ್ರಗಳು ಓರೆಯಾಗಿ ನಿಲ್ಲುತ್ತವೆ. ಅದನ್ನರಿಯದೆ ಎಲ್ಲವನ್ನೂ ಲಂಬವಾಗಿ ಕೂರಿಸಿದರೆ ಟ್ರಕ್ಕು ಟಾಟ್ರಾ ಆಗುವುದಿಲ್ಲ.

ಇನ್ನು ಮುಂದೆ

ಹಳೆಯ ವಾಹನಗಳನ್ನು ಹತ್ತಿರದಿಂದ ನೋಡಬೇಕೆನ್ನುವವರು ಗುರುಗ್ರಾಮದಾಚೆ, ಹರಿಯಾಣದ ತಾವಡೂವಿನಲ್ಲಿರುವ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂಗೆ ಹೋಗಬಹುದು. ತರುಣ್ ಠಕ್ರಾಲ್ ಅವರ ಸಂಗ್ರಹದಿಂದ ಬೆಳೆದು 2013ರಲ್ಲಿ ತೆರೆದ ಈ ಸಂಗ್ರಹಾಲಯದಲ್ಲಿ ಎತ್ತಿನಗಾಡಿಯಿಂದ ವಿಮಾನದವರೆಗೆ ಎಲ್ಲವೂ ಇದೆ, ಹಳೆಯ ಆಟಿಕೆ ವಾಹನಗಳೂ ಇವೆ.

ಕೈಯಿಂದ ಕಟ್ಟುವ ಲಾರಿಯ ಕಾಲ ಮುಗಿಯುತ್ತಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಚಾಲಕನ ದೃಷ್ಟಿಯಿಂದ ಅದು ಎಂದೋ ಆಗಬೇಕಿದ್ದ ಕೆಲಸ. ಮರದ ಕ್ಯಾಬಿನ್ನಿನಲ್ಲಿ ಎಂಜಿನ್ ಶಾಖಕ್ಕೆ ಬೇಯುತ್ತ ಸಾವಿರ ಕಿಲೋಮೀಟರ್ ಓಡಿಸಿದವರಾರೂ ಆ ಕ್ಯಾಬಿನ್ನಿಗಾಗಿ ಹಂಬಲಿಸುವುದಿಲ್ಲ. ಆದರೆ ಕ್ಯಾಬಿನ್ ಕಾರ್ಖಾನೆಯಿಂದಲೇ ಬರತೊಡಗಿದ ಮೇಲೆ ಎಲ್ಲ ಲಾರಿಗಳ ಮುಖವೂ ಒಂದೇ. ಅಂಥದ್ದನ್ನು ಕಂಪ್ಯೂಟರಿನಲ್ಲಿ ಬರೆದು ತ್ರೀಡಿ ಪ್ರಿಂಟರಿನಲ್ಲಿ ಇಳಿಸುವುದು ಸುಲಭ, ಹೊಸಬರು ಹಾಗೆಯೇ ಮಾಡುತ್ತಿದ್ದಾರೆ. ಮೇಸ್ತ್ರಿಯ ಕಣ್ಣಳತೆಯಲ್ಲಿ ಹುಟ್ಟಿದ ಕ್ಯಾಬಿನ್ನಿಗೆ ಮಾತ್ರ ಯಾವ ಕಡತವೂ ಇಲ್ಲ. ಗುಜರಿಗೆ ಹೋಗುವ ಮುನ್ನ ಅದನ್ನು ಅಳೆದಿಟ್ಟುಕೊಂಡವನ ನೋಟ್‌ಬುಕ್ಕೇ ಅದರ ನಕ್ಷೆ.

ಶುರು ಮಾಡುವವರು ಇಡೀ ಲಾರಿಗೆ ಕೈಹಾಕಬಾರದು. ಅಗ್ಗದ ಆಟಿಕೆ ಲಾರಿಯೊಂದನ್ನು ಕೊಂಡು, ಅದರ ಡೀಸೆಲ್ ಟ್ಯಾಂಕನ್ನಷ್ಟೇ ಕಿತ್ತು ಹೊಸದು ಮಾಡಿ ನೋಡಿ. ಒಂದು ಡಬ್ಬ, ಎರಡು ಪಟ್ಟಿ, ಒಂದು ಮುಚ್ಚಳ, ಒಂದು ಪೈಪು. ಅಳೆಯುವುದು, ಕತ್ತರಿಸುವುದು, ಬಗ್ಗಿಸುವುದು, ಅಂಟಿಸುವುದು, ಬಣ್ಣ ಹಾಕುವುದು ಎಲ್ಲವೂ ಅದರಲ್ಲೇ ಬಂದುಬಿಡುತ್ತದೆ. ಕಿಟಕಿ ತೆರೆದಿಡಿ, ಉಜ್ಜುವಾಗ ಮಾಸ್ಕ್ ಹಾಕಿ, ಬ್ಲೇಡನ್ನು ಯಾವಾಗಲೂ ಬೆರಳಿನಿಂದ ಆಚೆಗೆ ಓಡಿಸಿ. ಟ್ಯಾಂಕು ಸರಿಬಂದರೆ ಮುಂದಿನದು ಬಂಪರ್. ಕ್ಯಾಬಿನ್ನಿನ ಯೋಚನೆ ಮುಂದಿನ ವರ್ಷಕ್ಕಿರಲಿ.