ಚಿನ್ನದ ಉರ್, ಮಣ್ಣಿನ ದಿಕ್‌ದಿಕ್ಕಾ

ಪ್ರಾಚೀನ ಸುಮೇರಿಯನ್ ನಗರ ಉರ್ ಎಂದೊಡನೆ ಚಿನ್ನ ಕಣ್ಣಿಗೆ ಕಟ್ಟುತ್ತದೆ. ರಾಣಿ ಪುಆಬಿಯ ತಲೆಯ ಮೇಲಿದ್ದ ಬಂಗಾರದ ಎಲೆಗಳ ಮಾಲೆ, ನೀಲಿ ಲ್ಯಾಪಿಸ್ ಲಾಜುಲಿಯ ಗಡ್ಡ ತೊಟ್ಟ ಗೂಳಿತಲೆಯ ತಂತಿವಾದ್ಯ, 74 ಮಂದಿ ಪರಿಚಾರಕರು ಸಾಲಾಗಿ ಮಲಗಿ ಸತ್ತಿದ್ದ ಗುಂಡಿ. 1922ರಿಂದ 1934ರವರೆಗೆ ದಕ್ಷಿಣ ಇರಾಕಿನ ನಾಸಿರಿಯಾ ಪಟ್ಟಣದ ಹತ್ತಿರ ಪುರಾತತ್ವಜ್ಞ ಲಿಯೊನಾರ್ಡ್ ವೂಲಿ ನಡೆಸಿದ ಉತ್ಖನನ ಇವನ್ನೆಲ್ಲ ಹೊರತೆಗೆದು ಲೋಕವನ್ನು ಬೆರಗುಗೊಳಿಸಿತು. ಅದೇ ವರ್ಷಗಳಲ್ಲಿ ಅದೇ ತಂಡದ ದಾಖಲೆಗಳಲ್ಲಿ ಇನ್ನೊಂದು ಸ್ಥಳದ ಹೆಸರು ಮತ್ತೆ ಮತ್ತೆ ಬರೆಯಲ್ಪಡುತ್ತಿತ್ತು: ದಿಕ್‌ದಿಕ್ಕಾ. ಪತ್ರಿಕೆಗಳ ಮುಖಪುಟಕ್ಕೆ ಅದು ಏರಲಿಲ್ಲ. ಅಲ್ಲಿ ಸಿಕ್ಕಿದ್ದು ಬಹುಪಾಲು ಸುಟ್ಟ ಮಣ್ಣು.

ಉರ್‌ನ ದೊಡ್ಡ ಮೆಟ್ಟಿಲುಗೋಪುರ, ಅಂದರೆ ಚಂದ್ರದೇವ ನನ್ನನ ಜಿಗ್ಗುರಾತ್, ಇಂದಿಗೂ ಬಯಲಿನಲ್ಲಿ ಎದ್ದು ನಿಂತಿದೆ. ಅದರ ಈಶಾನ್ಯಕ್ಕೆ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ, ನಗರದ ಕೋಟೆಗೋಡೆಯ ಹೊರಗೆ, ಹಳೆಯ ಕಾಲುವೆಯ ಮಗ್ಗುಲಲ್ಲಿ ಈ ದಿಕ್‌ದಿಕ್ಕಾ ಇತ್ತು. ನಗರದ ಹಾಗೆ ಎತ್ತರದ ದಿಬ್ಬವಲ್ಲ, ತಗ್ಗಾದ ನೆಲ. ಅಲ್ಲಿಂದ ಬಂದ ಗೊಂಬೆ, ಅಚ್ಚು, ಮುದ್ರೆಗಳ ರಾಶಿಯನ್ನು ಕಂಡು ವೂಲಿ ಇದು ಉರ್‌ನ ಕಸುಬುದಾರರ ಹೊರಬಡಾವಣೆ ಇದ್ದಿರಬೇಕು ಎಂದು ತೀರ್ಮಾನಿಸಿದರು. ಹೆಚ್ಚಿನ ವಸ್ತುಗಳು ಉರ್‌ನ ಮೂರನೆಯ ರಾಜವಂಶದ ಕಾಲದಿಂದ ಹಳೆಯ ಬ್ಯಾಬಿಲೋನಿಯನ್ ಕಾಲದವರೆಗಿನವು, ಅಂದರೆ ಸುಮಾರು ಕ್ರಿ.ಪೂ. 2100ರಿಂದ 1750ರ ನಡುವಿನವು.

ಏನೇನು ಸಿಕ್ಕಿತು? ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಮಣ್ಣಿನ ಉಬ್ಬುಫಲಕಗಳು. ಎದೆಯ ಮೇಲೆ ಕೈಯಿಟ್ಟು ನಿಂತ ಬೆತ್ತಲೆ ಹೆಣ್ಣು, ದುಂಡು ತಮಟೆಯಂಥ ವಾದ್ಯ ಹಿಡಿದ ಹೆಂಗಸು, ತಂತಿವಾದ್ಯ ಮೀಟುವವನು, ಕೊಂಬಿನ ಕಿರೀಟ ತೊಟ್ಟ ದೇವತೆ, ಅರ್ಧ ಮನುಷ್ಯ ಅರ್ಧ ಗೂಳಿಯ ಕಾವಲುಗಾರ. ಹುರಿ ಹೆಣೆದ ಮಂಚದ ಪುಟ್ಟ ಮಾದರಿ. ಮುಂಬದಿಯ ಹಲಗೆಯ ಮೇಲೆ ದೇವರ ಚಿತ್ರ ಒತ್ತಿದ ಎರಡು ಗಾಲಿಯ ಆಟಿಕೆ ರಥ. ಕುರಿ, ನಾಯಿ, ಗೂಳಿ. ಇವುಗಳ ಜೊತೆಗೆ ಇವನ್ನು ಮಾಡುತ್ತಿದ್ದ ಅಚ್ಚುಗಳೂ ಸಿಕ್ಕಿವೆ ಎಂಬುದೇ ಮುಖ್ಯ. ಗೊಂಬೆ ಯಾರ ಮನೆಯಲ್ಲಾದರೂ ಸಿಗುತ್ತದೆ. ಅಚ್ಚು ಸಿಗುವುದು ಮಾಡುವವನ ಬಳಿ.

ಆ ಅಚ್ಚಿನ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲು ಒಬ್ಬ ನುರಿತವನು ಮೂಲ ಆಕೃತಿಯನ್ನು ತಿದ್ದುತ್ತಾನೆ. ಅದರ ಮೇಲೆ ಹಸಿಮಣ್ಣು ಒತ್ತಿ ತೆಗೆದರೆ ಒಳತಗ್ಗಿನ ಅಚ್ಚು ಸಿಗುತ್ತದೆ. ಅದನ್ನು ಸುಟ್ಟು ಗಟ್ಟಿಮಾಡುತ್ತಾರೆ. ಆಮೇಲೆ ಯಾರು ಬೇಕಾದರೂ ಅದರೊಳಗೆ ಮಣ್ಣು ತುಂಬಿ, ಹಿಂಬದಿಯನ್ನು ಬೆರಳಿನಿಂದ ಸವರಿ, ಬಿಡಿಸಿ, ಒಣಗಿಸಿ ಆವಿಗೆಗೆ ಸೇರಿಸಬಹುದು. ಒಂದೇ ಅಚ್ಚಿನಿಂದ ಹತ್ತಾರು ಪ್ರತಿಗಳು. ಅಚ್ಚು ಸವೆದರೆ, ಮೂಲ ಆಕೃತಿ ಕೈಗೆ ಸಿಗದಿದ್ದರೆ, ಸಿದ್ಧ ಗೊಂಬೆಯಿಂದಲೇ ಹೊಸ ಅಚ್ಚು. ಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುವುದರಿಂದ ಹೀಗೆ ಹುಟ್ಟಿದ ಪ್ರತಿ ತಲೆಮಾರಿನ ಗೊಂಬೆ ಹಿಂದಿನದಕ್ಕಿಂತ ತುಸು ಚಿಕ್ಕದು, ಮುಖದ ಗೆರೆಗಳು ತುಸು ಮಾಸಲು. ಒಂದೇ ಬಗೆಯ ಹಲವು ಫಲಕಗಳನ್ನು ಅಳೆದು ನೋಡಿದರೆ ಯಾವುದು ತಾಯಿ, ಯಾವುದು ಮೊಮ್ಮಗಳು ಎಂದು ಗುರುತಿಸಬಹುದು. ನಾಲ್ಕು ಸಾವಿರ ವರ್ಷಗಳ ಹಿಂದೆ ದೇವರ ರೂಪ ಬಡವರ ಮನೆಗೂ ತಲುಪಿದ್ದು ಈ ತಂತ್ರದಿಂದ. ರಾಜಸಮಾಧಿಯ ಚಿನ್ನದ ಕುಸುರಿ ಒಬ್ಬರಿಗಾಗಿ ಒಮ್ಮೆ ಮಾಡಿದ್ದು. ದಿಕ್‌ದಿಕ್ಕಾದ ಮಣ್ಣು ಇಡೀ ಊರಿಗಾಗಿ ಮಾಡಿದ್ದು. ಉರ್ ಹೇಗೆ ಬದುಕುತ್ತಿತ್ತು ಎಂದು ತಿಳಿಯಲು ನನಗೆ ಈ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಇಂಥ ಕೆಲಸಕ್ಕೆ ಕೋಟೆಯ ಹೊರಗಿನ ಕಾಲುವೆದಂಡೆ ಎಷ್ಟು ಅನುಕೂಲವೆಂದು ಹೇಳಬೇಕಾಗಿಲ್ಲ. ಮಣ್ಣು, ನೀರು ಎರಡೂ ಅಲ್ಲೇ. ಆ ಬಯಲಿನಲ್ಲಿ ಮರ ಅಪರೂಪ. ಆವಿಗೆಗೆ ಜೊಂಡು, ಖರ್ಜೂರದ ಗರಿ, ಕುರುಚಲು, ಸಗಣಿಯೇ ಉರುವಲು. ಅದರ ಹೊರೆ ಹೊರೆ ಬರಬೇಕು, ಸುಟ್ಟ ಸರಕು ಹೋಗಬೇಕು, ಎರಡಕ್ಕೂ ದೋಣಿಯೇ ಅಗ್ಗ. ಹೊಗೆ ಮತ್ತು ಬೆಂಕಿಯ ಭಯ ಊರೊಳಗಿನ ಇಕ್ಕಟ್ಟಿನ ಓಣಿಗಳಿಂದ ದೂರವೇ ಇರುತ್ತದೆ. ಕ್ರಿ.ಪೂ. 2112ರ ಸುಮಾರಿಗೆ ಪಟ್ಟವೇರಿದ ಉರ್-ನಮ್ಮು ಜಿಗ್ಗುರಾತ್ ಕಟ್ಟಿಸಿದಂತೆಯೇ ಕಾಲುವೆಗಳನ್ನು ತೋಡಿಸಿದ್ದನ್ನೂ ತನ್ನ ಶಾಸನಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ನೀರಾವರಿ ಹೊಲಕ್ಕೆ ಮಾತ್ರವಲ್ಲ, ಕಸುಬಿಗೂ ಬೇಕಿತ್ತು.

ಕೆಲಸದವರ ಬದುಕು ಹೇಗಿತ್ತು ಎಂಬುದಕ್ಕೆ ಬೆಣೆಲಿಪಿಯ ಲೆಕ್ಕದ ಫಲಕಗಳಿವೆ. ಮೂರನೆಯ ರಾಜವಂಶದ ಕೊನೆಯ ಅರಸ ಇಬ್ಬಿ-ಸಿನ್‌ನ ಕಾಲದ ಉರ್‌ನ ಫಲಕಗಳಲ್ಲಿ ಅಕ್ಕಸಾಲಿಗರು, ಕಲ್ಲುಮಣಿ ಕೊರೆಯುವವರು, ಬಡಗಿಗಳು, ಕಮ್ಮಾರರು, ಚರ್ಮದ ಕೆಲಸದವರು, ಜೊಂಡು ಹೆಣೆಯುವವರು ಕಾಣಿಸುತ್ತಾರೆ. ಯಾರಿಗೆ ಎಷ್ಟು ಕಚ್ಚಾವಸ್ತು ಕೊಡಲಾಯಿತು, ಎಷ್ಟು ವಾಪಸು ಬಂತು, ಎಲ್ಲಕ್ಕೂ ಲೆಕ್ಕ. ಆ ಕಾಲದಲ್ಲಿ ದುಡಿಯುವ ಆಳುಗಳಿಗೆ ಕೊಡುತ್ತಿದ್ದ ಪಡಿ ಗಂಡಾಳಿಗೆ ತಿಂಗಳಿಗೆ ಸುಮಾರು 60 ಲೀಟರ್ ಜವೆಗೋಧಿ, ಹೆಣ್ಣಾಳಿಗೆ 30 ಲೀಟರ್. ನೇಯ್ಗೆಯ ಮನೆಗಳಲ್ಲಿ ದುಡಿದ ಸಾವಿರಾರು ಹೆಂಗಸರಿಗೆ ಸಿಗುತ್ತಿದ್ದುದು ಈ ಅರ್ಧ ಪಡಿ. ಅವರು ನೇಯ್ದ ಬಟ್ಟೆ ಹಡಗೇರಿ ಪರ್ಷಿಯನ್ ಕೊಲ್ಲಿಯ ಬಂದರುಗಳಿಗೆ ಹೋಗಿ ತಾಮ್ರವಾಗಿ ಮರಳುತ್ತಿತ್ತು. ಆ ದಾರಿಯ ಇನ್ನೊಂದು ತುದಿಯಲ್ಲಿ ಸಿಂಧೂ ಕಣಿವೆ ಇತ್ತು. ಉರ್‌ನಲ್ಲಿ ಸಿಕ್ಕ ಸಿಂಧೂ ಶೈಲಿಯ ಮುದ್ರೆಗಳನ್ನು ವಿದ್ವಾಂಸ ಸಿ. ಜೆ. ಗ್ಯಾಡ್ 1932ರಲ್ಲೇ ಪ್ರಕಟಿಸಿದ್ದರು.

ದಿಕ್‌ದಿಕ್ಕಾದ ವಿಷಯದಲ್ಲಿ ಮನಸ್ಸಿಗೆ ನೋವಾಗುವ ಸಂಗತಿ ಬೇರೆ. ಅಲ್ಲಿನ ವಸ್ತುಗಳಲ್ಲಿ ಬಹಳಷ್ಟು ಪದರ ಪದರವಾಗಿ ಅಗೆದು ತೆಗೆದವಲ್ಲ. ಸುತ್ತಲಿನ ಜನ ಮೇಲ್ಮೈಯಲ್ಲಿ ಕಂಡದ್ದನ್ನು ಆಯ್ದು ತಂದರು, ವೂಲಿ ಬಕ್ಷೀಸು ಕೊಟ್ಟು ಪಡೆದರು. ಬಕ್ಷೀಸು ಕೊಡದಿದ್ದರೆ ಅವೆಲ್ಲ ದಲ್ಲಾಳಿಗಳ ಪಾಲಾಗುತ್ತಿದ್ದವು, ಆದ್ದರಿಂದ ವೂಲಿಯನ್ನು ದೂರುವುದು ನ್ಯಾಯವಲ್ಲ. ಆದರೂ ಅದರ ಬೆಲೆ ದೊಡ್ಡದು. ಗೊಂಬೆಯ ಪಕ್ಕ ಆವಿಗೆ ಇತ್ತೋ, ಗುಡಿ ಇತ್ತೋ, ಗೋರಿ ಇತ್ತೋ, ಅಚ್ಚು ಯಾವ ಕೋಣೆಯ ಯಾವ ಮೂಲೆಯಲ್ಲಿ ಬಿದ್ದಿತ್ತು, ಇದೇ ಒಂದು ಕಾರ್ಯಾಗಾರದ ಕಥೆ. ವಸ್ತು ಉಳಿಯಿತು, ನೆಲೆ ಕಳೆಯಿತು. ಆಮೇಲೆ ಅಂದಿನ ಕಾನೂನಿನಂತೆ ಉರ್‌ನ ವಸ್ತುಗಳು ಬಾಗ್ದಾದ್, ಲಂಡನ್, ಫಿಲಡೆಲ್ಫಿಯಾಗಳಿಗೆ ಹಂಚಿಹೋದವು.

ನೆಲೆ ಉಳಿಸಿಕೊಂಡು ಅಗೆದರೆ ಏನು ಸಿಗುತ್ತದೆ ಎಂಬುದನ್ನು ಇನ್ನೊಂದು ಸುಮೇರಿಯನ್ ನಗರ ಲಗಾಶ್ ಈಗ ತೋರಿಸುತ್ತಿದೆ. ಅಲ್ಲಿ ಮೊದಲು ಡ್ರೋನ್ ಚಿತ್ರಗಳು, ನೆಲದ ಕಾಂತೀಯ ಅಳತೆ, ಗುದ್ದಲಿ ಆಮೇಲೆ. ಆವಿಗೆಯಲ್ಲಿ ಬಿಸಿಯಾದ ಮಣ್ಣು ತಣಿಯುವಾಗ ಅದರಲ್ಲಿರುವ ಕಬ್ಬಿಣದ ಖನಿಜಗಳ ಕಾಂತತ್ವ ಭೂಮಿಯ ಕಾಂತಕ್ಷೇತ್ರದ ದಿಕ್ಕಿಗೆ ಹೊಂದಿಕೊಂಡು ಉಳಿಯುತ್ತದೆ. ಹಾಗಾಗಿ ಹೂತುಹೋದ ಆವಿಗೆ ಅಗೆಯುವ ಮೊದಲೇ ಉಪಕರಣಕ್ಕೆ ಎದ್ದು ಕಾಣುತ್ತದೆ. ಪೆನ್ಸಿಲ್ವೇನಿಯಾ ಮತ್ತು ಪೀಸಾ ವಿಶ್ವವಿದ್ಯಾಲಯಗಳ ತಂಡ ಅಲ್ಲಿ ಕುಂಬಾರರ ಕೆಲಸದ ನೆಲೆಗಳನ್ನು ಗುರುತಿಸಿತು. 2022ರಲ್ಲಿ ನೆಲಮಟ್ಟದಿಂದ ಅರ್ಧ ಮೀಟರ್ ಆಳದಲ್ಲೇ ಸುಮಾರು ಕ್ರಿ.ಪೂ. 2700ರ ಒಂದು ಊಟದಂಗಡಿ ಹೊರಬಂತು: ಕೂರಲು ಜಗಲಿ, ಒಲೆ, ತಂಪಾಗಿಡಲು ಮಣ್ಣಿನ ಪಾತ್ರೆಯ ಏರ್ಪಾಡು, ಮೀನಿನ ಮುಳ್ಳು ಉಳಿದ ಬಟ್ಟಲುಗಳು. ಅರಮನೆಯೂ ಅಲ್ಲದ, ಗುಡಿಯೂ ಅಲ್ಲದ ಜಾಗದಲ್ಲಿ ದುಡಿಯುವ ಜನ ಏನು ತಿಂದರು, ಎಲ್ಲಿ ಕುಳಿತರು ಎಂಬುದು ನಮಗೆ ತಿಳಿಯಿತು.

ಉರ್‌ನಲ್ಲೂ ಕೆಲಸ ಮತ್ತೆ ಶುರುವಾಗಿದೆ. 2015ರಲ್ಲಿ ಪುರಾತತ್ವಜ್ಞೆ ಎಲಿಜಬೆತ್ ಸ್ಟೋನ್ ಅವರ ತಂಡ ಅಗೆತ ಆರಂಭಿಸಿತು. 2016ರಲ್ಲಿ ಉರ್ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪುರಾತತ್ವಜ್ಞೆ ಎಮಿಲಿ ಹ್ಯಾಮರ್ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ನಗರದ ವಸತಿ ಕೋಟೆಗೋಡೆಯಾಚೆಗೂ ದೂರ ಹಬ್ಬಿತ್ತೆಂದು ತೋರಿಸಿತು. ಬ್ರಿಟಿಷ್ ಮ್ಯೂಸಿಯಂ ಮತ್ತು ಪೆನ್ ಮ್ಯೂಸಿಯಂ ಸೇರಿ ವೂಲಿಯ ಕಾಲದ ಚೀಟಿ, ಚಿತ್ರ, ವಸ್ತುಗಳನ್ನು ಒಂದೇ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿವೆ. ಚದುರಿದ ಗೊಂಬೆಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಅಚ್ಚಿನವು ಯಾವುವೆಂದು ಹುಡುಕುವುದು ಈಗ ಸಾಧ್ಯ.

ಆದರೆ ಪರದೆಯ ಮೇಲಿನ ಹೋಲಿಕೆ ಕಳೆದ ನೆಲೆಯನ್ನು ಮರಳಿ ಕೊಡಲಾರದು. ಆ ಬಯಲಿನಲ್ಲಿ ಸವಳು ಏರುತ್ತಿದೆ, ಸುಟ್ಟ ಮಣ್ಣನ್ನೂ ಉಪ್ಪು ಪುಡಿಮಾಡುತ್ತದೆ. ಉರ್‌ನಲ್ಲಿ ಮುಂದಿನ ಕಂದಕಗಳಲ್ಲಿ ಒಂದನ್ನಾದರೂ ಕೋಟೆಯ ಹೊರಗೆ, ದಿಕ್‌ದಿಕ್ಕಾದ ಕಾಲುವೆದಂಡೆಯಲ್ಲಿ, ಕಾಂತೀಯ ಅಳತೆ ಮಾಡಿ ಪದರ ಬಿಡಿಸಿ ತೆಗೆಯಬೇಕು. ರಾಜರ ಸಮಾಧಿಗಳಿಗೆ ಹಲವು ಋತುಗಳ ಶ್ರಮ ಸಂದ ಊರಿನಲ್ಲಿ ಕುಂಬಾರರಿಗೆ ಅಷ್ಟಾದರೂ ಸಲ್ಲಬೇಕು.